ರಾಂಪುರಿ: ಒಂದು ಕೀಲಿನ ಚರಿತ್ರೆ

ಪತ್ರಿಕೆಗಳಲ್ಲಿ 'ಚಾಕು' ಎಂಬ ಪದ ಒಂಟಿಯಾಗಿ ಬರುವುದು ಅಪರೂಪ. ಅದರ ಬೆನ್ನಿಗೇ 'ಇರಿತ' ಎಂಬ ಪದವಿರುತ್ತದೆ. ಹಣ್ಣು ಹೆಚ್ಚುವ, ಹಗ್ಗ ಕೊಯ್ಯುವ, ಪೆನ್ಸಿಲ್ ಹೆರೆಯುವ, ಗಿಡಕ್ಕೆ ಕಸಿ ಕಟ್ಟುವ ಲಕ್ಷಾಂತರ ಚಾಕುಗಳು ಯಾವತ್ತೂ ಸುದ್ದಿಯಾಗುವುದಿಲ್ಲ. ಸುದ್ದಿಯ ಸ್ವಭಾವವೇ ಹಾಗೆ. ಆದರೆ ಒಂದು ವಸ್ತುವನ್ನು ತಲೆಮಾರುಗಳ ಕಾಲ ಅಪರಾಧದ ಪುಟದಲ್ಲಿ ಮಾತ್ರ ಕಾಣುತ್ತ ಬಂದರೆ, ಅದನ್ನು ಮಾಡಿದ ಕೈಗಳು ನಮ್ಮ ನೆನಪಿನಿಂದ ಅಳಿಸಿಹೋಗುತ್ತವೆ. ಆ ವಸ್ತುವಿಗೆ ಒಂದು ಊರಿನ ಹೆಸರು ಅಂಟಿಕೊಂಡಿದ್ದರಂತೂ, ಊರಿಗೆ ಊರೇ ಆರೋಪಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಉತ್ತರ ಪ್ರದೇಶದ ರಾಂಪುರಕ್ಕೆ ಆದದ್ದು ಇದೇ. ಆ ಊರು ನಕಾಶೆಯಲ್ಲಿ ಎಲ್ಲಿದೆ ಎಂದು ತಿಳಿಯದ ಕನ್ನಡಿಗರಿಗೂ 'ರಾಂಪುರಿ' ಎಂದರೆ ಏನೆಂದು ಗೊತ್ತು. ಹಿಂದಿ ಸಿನಿಮಾ ತಲುಪಿದ ಕಡೆಗೆಲ್ಲ ಆ ಪದವೂ ತಲುಪಿದೆ. ಜೇಬಿನೊಳಗೆ ಮಡಚಿಕೊಂಡು ಕೂತಿದ್ದು, ಬೆರಳು ತಾಗಿದೊಡನೆ ಸಲೀಸಾಗಿ ತೆರೆದುಕೊಳ್ಳುವ ಉದ್ದನೆಯ ಅಲಗಿನ ಚಾಕು ಅದು.

ಈ 'ಸಲೀಸು' ಎಂಬ ಗುಣದ ಬಗ್ಗೆಯೇ ನಮ್ಮ ಕುತೂಹಲ. ಚಾಕು ಮಾಡುವವನ ಪಾಲಿಗೆ ಅದು ಹಲವು ವರ್ಷಗಳ ಅಭ್ಯಾಸದ ಫಲ. ಪೊಲೀಸ್ ಠಾಣೆಯಲ್ಲಿ ಅದೇ ಗುಣ ಅಪರಾಧದ ಗುರುತು. ಒಂದೇ ಗುಣಕ್ಕೆ ಎರಡು ವಿರುದ್ಧ ಬೆಲೆ ಕಟ್ಟುವ ಪರಿಸ್ಥಿತಿ ಹೇಗೆ ಬಂತು ಎಂದು ನೋಡಬೇಕಾದರೆ, ಮೊದಲು ಮಡಚು ಚಾಕುವಿನ ಕೀಲನ್ನೇ ಬಿಚ್ಚಿ ನೋಡಬೇಕು.

ನಡಿಗೆ ಮತ್ತು ಮಾತು

ಮಡಚುವ ಚಾಕು ಹೊಸ ಕಾಲದ ಸರಕಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬಲ್ಲಿ ಸಿಕ್ಕಿರುವ ಮೂಳೆ ಹಿಡಿಯ ಮಡಚು ಚಾಕು ಕ್ರಿ.ಪೂ. 600-500ರ ಕಾಲದ್ದು. ರೋಮನ್ನರೂ ಇಂಥ ಚಾಕುಗಳನ್ನು ಬಳಸುತ್ತಿದ್ದರು. ಆದರೆ ಈ ಹಳೆಯ ಚಾಕುಗಳಲ್ಲಿ ಅಲಗನ್ನು ಹಿಡಿದಿಡಲು ಇದ್ದದ್ದು ಒಂದು ಮೊಳೆಯ ಬಿಗಿ ಮಾತ್ರ. ಮೊಳೆ ಸವೆಯಿತೆಂದರೆ ಅಲಗು ಜೋಲಾಡತೊಡಗುತ್ತಿತ್ತು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಕುಶಲಕರ್ಮಿಗಳು ಹಿಡಿಯ ಬೆನ್ನಿಗೆ ಉಕ್ಕಿನ ಸ್ಪ್ರಿಂಗ್ ಪಟ್ಟಿ ಕೂರಿಸಿದ ಚಾಕುಗಳನ್ನು ಮಾಡತೊಡಗಿದರು. ಉಗುರಿನಿಂದ ಎತ್ತಿದಾಗ ಅಲಗಿನ ಬುಡದ ಮೂಲೆ ಈ ಪಟ್ಟಿಯನ್ನು ಮೆಲ್ಲಗೆ ಮೇಲೆತ್ತುತ್ತದೆ. ಅಲಗು ಪೂರ್ತಿ ತೆರೆದುಕೊಂಡಾಗ ಬುಡದ ಸಪಾಟಾದ ಭಾಗ ಪಟ್ಟಿಯ ಕೆಳಗೆ ಬಂದು ಕೂರುತ್ತದೆ. ಪಟ್ಟಿ ಮತ್ತೆ ಕೆಳಗಿಳಿದು ಅಲಗನ್ನು ಒತ್ತಿ ಹಿಡಿಯುತ್ತದೆ. ಅಲ್ಲಿ ಬೀಗವಿಲ್ಲ, ಚಿಲಕವಿಲ್ಲ; ಒತ್ತಡವೊಂದೇ ಇದೆ. ಆದ್ದರಿಂದ ಕೆಲಸ ನಿಖರವಾಗಿರಬೇಕು. ಮೊಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೆ ಅಲಗು ಅಲ್ಲಾಡುತ್ತದೆ, ಅಷ್ಟೇ ಚಿಕ್ಕದಾದರೆ ಉಗುರು ಮುರಿಯುತ್ತದೆ. ಸ್ಪ್ರಿಂಗಿನ ಹದ ಗಡಸಾದರೆ ಪಟ್ಟಿ ಸೀಳುತ್ತದೆ, ಮೃದುವಾದರೆ ಬಾಗಿದಲ್ಲೇ ಉಳಿಯುತ್ತದೆ.

ಇಂಗ್ಲಿಷ್ ಬಲ್ಲ ಚಾಕುಪ್ರಿಯರು ಒಳ್ಳೆಯ ಮಡಚು ಚಾಕುವನ್ನು ಎರಡು ಮಾತಿನಲ್ಲಿ ಅಳೆಯುತ್ತಾರೆ. ಒಂದು ಅದರ 'ನಡಿಗೆ', ಇನ್ನೊಂದು ಅದರ 'ಮಾತು'. ಅಲಗು ಎಲ್ಲೂ ತಡವರಿಸದೆ, ಎಲ್ಲೂ ಜಾರಿಬೀಳದೆ, ಒಂದೇ ಸಮನೆ ಸಾಗುವುದು ನಡಿಗೆ. ಪೂರ್ತಿ ತೆರೆದು ಕೂತಾಗ ಮತ್ತು ಮಡಚಿ ಕೂತಾಗ ಕೇಳುವ 'ಟಕ್' ಎಂಬ ಖಚಿತ ಸದ್ದು ಮಾತು. ಕಣ್ಣು ಮುಚ್ಚಿಕೊಂಡೇ ಚಾಕುವಿನ ಗುಣ ಹೇಳಬಲ್ಲವರಿದ್ದರು ಎಂದರೆ ಅದಕ್ಕೆ ಈ ಎರಡೇ ಕಾರಣ.

ಸ್ಪ್ರಿಂಗಿನ ವಿಷಯ ಬಂದಾಗ ಬೆಂಜಮಿನ್ ಹಂಟ್ಸ್‌ಮನ್‌ನನ್ನು ನೆನೆಯಬೇಕು. ಈತ ಮೂಲತಃ ಗಡಿಯಾರ ಮಾಡುವವನು. ಗಡಿಯಾರದ ಸ್ಪ್ರಿಂಗಿಗೆ ಒಂದೇ ಹದದ ಉಕ್ಕು ಸಿಗುತ್ತಿಲ್ಲವೆಂದು, 1740ರ ದಶಕದಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕ ಹೊಯ್ಯುವ ವಿಧಾನ ಕಂಡುಕೊಂಡ. ಅಲ್ಲಿಂದ ಶೆಫೀಲ್ಡ್ ಚಾಕುಗಳ ದಿಗ್ವಿಜಯ ಶುರುವಾಯಿತು. ಆದರೆ ಮೂಸೆಯಲ್ಲಿ ಉಕ್ಕು ಕರಗಿಸುವ ವಿದ್ಯೆ ಜಗತ್ತಿಗೆ ಆಗ ಹೊಸದಾಗಿರಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇವೆ.

ಲೇಖನಿಯ ಜೊತೆಗಾರ

ಇಂಗ್ಲಿಷಿನಲ್ಲಿ ಸಣ್ಣ ಜೇಬುಚಾಕುವಿಗೆ ಇಂದಿಗೂ 'ಪೆನ್‌ನೈಫ್' ಎನ್ನುತ್ತಾರೆ. ಹಕ್ಕಿಯ ಗರಿಯನ್ನು ಹೆರೆದು ಲೇಖನಿ ಮಾಡುತ್ತಿದ್ದ ಕಾಲದ ಹೆಸರು ಅದು. ಬರೆಯುವವನಿಗೆ ಶಾಯಿಯಷ್ಟೇ ಚಾಕುವೂ ಬೇಕಿತ್ತು. ಅದನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕಾದಾಗ ಮಡಚುವ ಅಲಗು ಅನುಕೂಲವಾಯಿತು.

ಅರಬ್ಬಿ, ಫಾರಸಿ, ಉರ್ದು ಬರಹದ ಲೋಕದಲ್ಲೂ ಇದೇ ನಂಟಿತ್ತು. ಜೊಂಡಿನ ಕಡ್ಡಿಯನ್ನು ಕಲಮ್ ಮಾಡುವ ಚಾಕುವಿಗೆ 'ಕಲಮ್‌ತರಾಶ್' ಎಂದು ಹೆಸರು. ಕಲಮಿನ ತುದಿಯನ್ನು ಕೊನೆಯದಾಗಿ ಒಂದೇ ಏಟಿಗೆ ಕತ್ತರಿಸುವುದನ್ನು ಉರ್ದು ಕಾತಿಬರು 'ಕತ್' ಎನ್ನುತ್ತಾರೆ. ಆ ಏಟು ತಪ್ಪಿದರೆ ಅಕ್ಷರ ಕೆಟ್ಟಿತು. ಬಾಗ್ದಾದಿನ ಮಹಾನ್ ಲಿಪಿಕಾರ ಯಾಕೂತ್ ಅಲ್ ಮುಸ್ತಅಸಿಮಿ (ನಿಧನ 1298) ಕಲಮಿನ ತುದಿಯನ್ನು ನೇರವಾಗಿ ಕತ್ತರಿಸುವ ಬದಲು ಓರೆಯಾಗಿ ಕತ್ತರಿಸಿದ. ಅದರಿಂದ ಅಕ್ಷರಗಳ ಗೆರೆಗಳಿಗೆ ದಪ್ಪ-ತೆಳುವಿನ ಹೊಸ ಲಾವಣ್ಯ ಬಂತು. ಲಿಪಿಯ ಚರಿತ್ರೆಯ ಒಂದು ದೊಡ್ಡ ತಿರುವು ಚಾಕುವಿನ ಕೋನ ಬದಲಾದದ್ದರಿಂದ ಬಂತು ಎಂಬುದನ್ನು ನಾವು ಮರೆಯಬಾರದು.

ಕುರ್‌ಆನಿನ 68ನೆಯ ಅಧ್ಯಾಯದ ಹೆಸರು 'ಅಲ್ ಕಲಮ್'. ಲೇಖನಿಯನ್ನು ಇಷ್ಟು ಗೌರವಿಸಿದ ಸಮಾಜದಲ್ಲಿ ಲೇಖನಿಯನ್ನು ಹೆರೆಯುವ ಚಾಕುವೂ ಗೌರವದ ವಸ್ತುವಾಗಿತ್ತು. 1981ರಲ್ಲಿ 'ನೂರಿ ನಸ್ತಾಲೀಕ್' ಎಂಬ ಕಂಪ್ಯೂಟರ್ ಲಿಪಿ ಉರ್ದು ಪತ್ರಿಕೆಗಳಿಗೆ ಬಂದ ಮೇಲೆ ಕಾತಿಬರ ಕೆಲಸ ಕುಗ್ಗಿತು. ಅವರ ಜೊತೆಗೆ ಕಲಮ್‌ತರಾಶ್ ಕೂಡ ಮೂಲೆ ಸೇರಿತು. ಚಾಕು ಎಂದರೆ ಅಕ್ಷರ ನೆನಪಾಗುತ್ತಿದ್ದ ಕಾಲವೊಂದಿತ್ತು ಎಂಬುದೇ ಈಗಿನವರಿಗೆ ವಿಚಿತ್ರವಾಗಿ ಕೇಳಿಸಬಹುದು.

ಉಕ್ಕು ಹೋದ ದಾರಿ

ಈ ಪೆನ್‌ನೈಫಿನ ಚರಿತ್ರೆಯಲ್ಲಿ ಒಂದು ಪುಟ ಕನ್ನಡಕ್ಕೆ ಸೇರಿದ್ದು. 1794ರಲ್ಲಿ ಮುಂಬಯಿಯಲ್ಲಿದ್ದ ಡಾ. ಹೆಲೆನಸ್ ಸ್ಕಾಟ್ ಎಂಬ ವೈದ್ಯ ಭಾರತದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಮಂಡಿಸಿದ. ಆ ಉಕ್ಕನ್ನು ಇಂಗ್ಲಿಷರು ಕರೆದದ್ದು 'ವೂಟ್ಸ್' ಎಂದು. ಇದು ಕನ್ನಡದ 'ಉಕ್ಕು' ಎಂಬ ಪದ ಕಿವಿಯಿಂದ ಕಾಗದಕ್ಕೆ ಇಳಿಯುವಾಗ ಪಡೆದ ರೂಪವೆಂಬುದು ಹೆಚ್ಚಿನ ನಿಘಂಟುಕಾರರ ಅಭಿಪ್ರಾಯ.

ಈ ಉಕ್ಕನ್ನು ಪರೀಕ್ಷಿಸಲು ಅವರು ಮಾಡಿಸಿದ್ದು ಕತ್ತಿಯನ್ನಲ್ಲ, ಬಂದೂಕನ್ನೂ ಅಲ್ಲ. ಬ್ಯಾಂಕ್ಸ್‌ನ ಕೋರಿಕೆಯಂತೆ ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಉಪಕರಣ ತಯಾರಕ ಅದರಿಂದ ಒಂದು ಪೆನ್‌ನೈಫ್ ಮಾಡಿದ. ಬಡಿಯಲು ಬಹಳ ಕಷ್ಟವಾದರೂ, ಅದರ ಬಾಯಿ ಉತ್ತಮ ಉಕ್ಕಿನ ಚಾಕುವಿಗೆ ಸಮನಾಗಿತ್ತು. ಹಲವು ಕೆಲಸಗಳಿಗೆ ಈ ಉಕ್ಕು ಇಂಗ್ಲೆಂಡಿನ ಉಕ್ಕಿಗಿಂತ ಮೇಲು ಎಂಬ ತೀರ್ಮಾನಕ್ಕೆ ಅವನು ಬಂದ. ಇದೇ ಸ್ಟೊಡಾರ್ಟ್ ಮುಂದೆ ಮೈಕೆಲ್ ಫ್ಯಾರಡೆಯ ಜೊತೆಗೂಡಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿದ.

ಟಿಪ್ಪು ಸುಲ್ತಾನ್ ಹುತಾತ್ಮನಾದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದ. ಮೂಸೆಯಲ್ಲಿ ಉಕ್ಕು ಮಾಡುವ ಕುಲುಮೆಗಳನ್ನು ಅವನು ಕಂಡು ವಿವರವಾಗಿ ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ, ಅದು ಭಾರತದ ದೂರದ ಭಾಗಗಳಿಗೆ ಹೋಗುತ್ತಿತ್ತೆಂದೂ ಅವನ ಬರಹದಿಂದ ತಿಳಿಯುತ್ತದೆ. ಒಂದೇ ನಾಡಿನ ಉಕ್ಕು ಒಂದು ಕಡೆ ವೀಣೆಯ ತಂತಿಯಾಗಿ, ಇನ್ನೊಂದು ಕಡೆ ಲೇಖನಿಯ ಚಾಕುವಾಗಿ ಬಳಕೆಯಾಯಿತು. ಆದರೆ ಆ ಉಕ್ಕನ್ನು ಕರಗಿಸಿದವರು ಯಾರೆಂದು ಯಾವ ಪ್ರಬಂಧವೂ ಹೇಳುವುದಿಲ್ಲ. ಪದ ಮಾತ್ರ ಹಡಗು ಹತ್ತಿತು.

ಶೆಫೀಲ್ಡಿನ ಕಾರ್ಮಿಕನ ಪಾಡೂ ಸುಖದ್ದಾಗಿರಲಿಲ್ಲ. ಸಾಣೆಕಲ್ಲಿನ ಮುಂದೆ ಬಾಗಿ ಕೂತು ಕಲ್ಲಿನ ಪುಡಿ, ಉಕ್ಕಿನ ಪುಡಿ ಉಸಿರಾಡುತ್ತಿದ್ದ ಅವನ ಶ್ವಾಸಕೋಶ ಬೇಗ ಕಲ್ಲಾಗುತ್ತಿತ್ತು. ನೀರಿಲ್ಲದೆ ಒಣ ಸಾಣೆ ಹಿಡಿಯುವವರ ಸರಾಸರಿ ಆಯಸ್ಸು 35 ದಾಟುವುದು ಕಷ್ಟವೆಂದು ಫ್ರೆಡ್ರಿಕ್ ಎಂಗೆಲ್ಸ್ 1845ರಲ್ಲಿ ಅಲ್ಲಿನ ವೈದ್ಯರೊಬ್ಬರ ವರದಿಯನ್ನು ಆಧರಿಸಿ ಬರೆದ. ಒಂದು ಅಲಗು ಸಲೀಸಾಗಿ ನಡೆಯಲು ಯಾರದೋ ಉಸಿರು ತಡವರಿಸಬೇಕಾಗಿತ್ತು. ಚಾಕುವಿನ ಅಂದವನ್ನು ಹೊಗಳುವಾಗ ಈ ಲೆಕ್ಕವನ್ನೂ ಒಳಗೊಳ್ಳಬೇಕು.

ನವಾಬರ ಊರು

ಈಗ ರಾಂಪುರಕ್ಕೆ ಬರೋಣ. ಒಂದನೆಯ ರೋಹಿಲ್ಲಾ ಯುದ್ಧದ ನಂತರ, 1774ರಲ್ಲಿ, ನವಾಬ್ ಫೈಜುಲ್ಲಾ ಖಾನರ ಆಳ್ವಿಕೆಯಲ್ಲಿ ರಾಂಪುರ ಸಂಸ್ಥಾನ ರೂಪುಗೊಂಡಿತು. ಅವರ ಪುಸ್ತಕ ಸಂಗ್ರಹದಿಂದ ಬೆಳೆದದ್ದೇ ಇಂದಿನ ರಜಾ ಲೈಬ್ರರಿ. ಅಲ್ಲಿ ಸುಮಾರು 17,000 ಹಸ್ತಪ್ರತಿಗಳಿವೆ. ಹಜ್ರತ್ ಅಲಿಯವರ ಕೈಬರಹವೆಂದು ನಂಬಲಾದ, ಚರ್ಮದ ಹಾಳೆಯ ಮೇಲಿನ ಕುರ್‌ಆನ್ ಪ್ರತಿ ಅವುಗಳಲ್ಲಿ ಒಂದು. ಹಿಂದೂಸ್ತಾನಿ ಸಂಗೀತದ ರಾಂಪುರ-ಸಹಸ್ವಾನ್ ಘರಾಣೆ ಈ ಊರಿನ ಹೆಸರು ಹೊತ್ತಿದೆ. ಸ್ವಾತಂತ್ರ್ಯ ಹೋರಾಟಗಾರ ಮೌಲಾನಾ ಮುಹಮ್ಮದ್ ಅಲಿ ಜೌಹರ್ 1878ರಲ್ಲಿ ಹುಟ್ಟಿದ್ದು ಇಲ್ಲಿ. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಜಾದರು 1952ರ ಮೊದಲ ಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದದ್ದೂ ರಾಂಪುರದಿಂದಲೇ.

ಇಷ್ಟೆಲ್ಲ ಇರುವ ಊರಿನ ಹೆಸರು ಹೊರಗಿನವರ ಬಾಯಲ್ಲಿ ಉಳಿದದ್ದು ಮಾತ್ರ ಚಾಕುವಿನಿಂದ. ನವಾಬರ ಆಶ್ರಯದಲ್ಲಿ ಕತ್ತಿ ಮಾಡುತ್ತಿದ್ದವರು, ಬಂದೂಕು ಬಂದು ಕತ್ತಿಗೆ ಬೇಡಿಕೆ ಕುಸಿದಾಗ, ಮಡಚು ಚಾಕುವಿನ ಕಡೆಗೆ ಹೊರಳಿದರು ಎಂಬುದು ಆ ಕಸುಬಿನವರಲ್ಲಿ ಪ್ರಚಲಿತವಿರುವ ಕಥನ. ಹಳೆಯ ರಾಂಪುರಿಯ ಅಲಗು ಸಾಮಾನ್ಯವಾಗಿ 9ರಿಂದ 12 ಇಂಚು ಉದ್ದವಿರುತ್ತಿತ್ತು. ಒಂದೇ ಕಡೆ ಬಾಯಿ. ಹಿಡಿಗೆ ಹಿತ್ತಾಳೆ, ಕೊಂಬು ಅಥವಾ ಮರ.

ಅದರ ಹೆಚ್ಚುಗಾರಿಕೆ ಇದ್ದದ್ದು ಕೀಲಿನಲ್ಲಿ. ಒಂದು ಬಗೆಯಲ್ಲಿ ಅಲಗಿನ ಬುಡಕ್ಕೆ ಹಲ್ಲುಗಳನ್ನು ಅರದಿಂದ ಕೊರೆದಿರುತ್ತಾರೆ. ತೆರೆಯುವಾಗ ಸ್ಪ್ರಿಂಗ್ ಒಂದೊಂದೇ ಹಲ್ಲನ್ನು ದಾಟುತ್ತ 'ಕರ್ರ್' ಎಂದು ಸದ್ದು ಮಾಡುತ್ತದೆ. ಸನ್ನೆಯನ್ನು ಎತ್ತದ ಹೊರತು ಅಲಗು ಹಿಂದಕ್ಕೆ ಬರುವುದಿಲ್ಲ. ಇದು 'ಗರಾರಿದಾರ್'. ಗುಂಡಿ ಒತ್ತಿ ತೆರೆಯುವಂಥದ್ದು 'ಬಟನ್‌ದಾರ್'. ದೊಡ್ಡ ಯಂತ್ರಗಳಿಲ್ಲದ ಸಣ್ಣ ಅಂಗಡಿಗಳಲ್ಲಿ ಅರ, ಸುತ್ತಿಗೆ, ಸಾಣೆ ಹಿಡಿದು ಇಷ್ಟು ಬಿಗಿಯಾದ, ಇಷ್ಟು ಸಲೀಸಾದ ಕೀಲನ್ನು ಮಾಡುವುದು ಸಾಮಾನ್ಯ ವಿದ್ಯೆಯಲ್ಲ. ಶೆಫೀಲ್ಡಿನವರು ಚಾಕುವಿನಲ್ಲಿ ಹುಡುಕುತ್ತಿದ್ದ 'ನಡಿಗೆ' ಮತ್ತು 'ಮಾತು' ರಾಂಪುರದವನಿಗೂ ಗೊತ್ತಿತ್ತು. ಅವನ ಚಾಕು ಗಟ್ಟಿ ದನಿಯಲ್ಲಿ ಮಾತಾಡುತ್ತಿತ್ತು, ಅಷ್ಟೇ.

ಆ ದನಿಯೇ ಮುಂದೆ ಅದಕ್ಕೆ ಮುಳುವಾಯಿತು. ಸಿನಿಮಾಕ್ಕೆ ಇಂಥ ಸದ್ದಿಗಿಂತ ಹೆಚ್ಚಿನದು ಏನು ಬೇಕು? ಯಶ್ ಚೋಪ್ರಾರ 'ವಕ್ತ್' (1965) ಚಿತ್ರದಲ್ಲಿ ರಾಜ್‌ಕುಮಾರ್ ಚಾಕು ಹಿಡಿದು ಆಡಿದ ಒಂದು ಮಾತು ಹಿಂದಿ ಸಿನಿಮಾ ನೋಡುವವರ ಬಾಯಿಪಾಠವಾಯಿತು. ಅನಂತರದ ದಶಕಗಳ ಖಳನಾಯಕರ ಕೈಗೆ ರಾಂಪುರಿ ಖಾಯಂ ಆಗಿ ಬಂತು. ಕತ್ತಲ ಓಣಿ, ಕೊರಳಿಗೆ ಕಟ್ಟಿದ ಕರವಸ್ತ್ರ, ಜೇಬಿನಿಂದ ಹೊರಬರುವ ರಾಂಪುರಿ - ಇದೊಂದು ಅಚ್ಚಾಯಿತು. ಆ ಖಳನ ಹೆಸರು, ಅವನ ಮೊಹಲ್ಲಾ, ಅವನ ಭಾಷೆ ಯಾವುದಿರಬೇಕು ಎಂಬುದಕ್ಕೂ ಕ್ರಮೇಣ ಒಂದು ಅಚ್ಚು ಸಿದ್ಧವಾಯಿತು. ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಗುಂಡಿ ಮತ್ತು ಭಯ

ಹೀಗೆ ಸಿನಿಮಾದ ಬೆಳಕಿನಲ್ಲಿ ಚಾಕುವನ್ನು ಕಂಡು ಹೆದರಿದ ಸಮಾಜ ನಮ್ಮದೊಂದೇ ಅಲ್ಲ. 1950ರ ದಶಕದ ಅಮೆರಿಕದಲ್ಲಿ ಗುಂಡಿ ಒತ್ತಿದರೆ ತೆರೆಯುವ ಚಾಕು ಹದಿಹರೆಯದ ಪುಂಡರ, ವಲಸಿಗರ ಗುರುತಾಯಿತು. 'ರೆಬೆಲ್ ವಿದೌಟ್ ಎ ಕಾಸ್' (1955), '12 ಆಂಗ್ರಿ ಮೆನ್' (1957) ಚಿತ್ರಗಳಲ್ಲಿ ಅದಕ್ಕೆ ಪಾತ್ರವಿತ್ತು. 1958ರಲ್ಲಿ ಅಮೆರಿಕ ಅಂಥ ಚಾಕುಗಳ ಅಂತರರಾಜ್ಯ ವ್ಯಾಪಾರವನ್ನು ನಿಷೇಧಿಸಿತು. ಮರುವರ್ಷ ಬ್ರಿಟನ್ ಅವುಗಳ ತಯಾರಿಕೆ, ಮಾರಾಟ ನಿಲ್ಲಿಸಿತು.

ಜಪಾನಿನ ಕಥೆ ಇನ್ನೂ ಕರುಣಾಜನಕ. ಅಲ್ಲಿ ಮಿಕಿ ಎಂಬ ಊರಿನ 'ಹಿಗೊನೊಕಾಮಿ' ಎಂಬ ಮಡಚು ಚಾಕು ಶಾಲಾ ಮಕ್ಕಳ ಪೆನ್ಸಿಲ್ ಹೆರೆಯುವ ಸಂಗಾತಿಯಾಗಿತ್ತು. 1960ರ ಅಕ್ಟೋಬರಿನಲ್ಲಿ ಸಮಾಜವಾದಿ ನಾಯಕ ಇನೆಜಿರೊ ಅಸಾನುಮಾ ಅವರನ್ನು ಹದಿನೇಳರ ಹುಡುಗನೊಬ್ಬ ವೇದಿಕೆಯ ಮೇಲೆಯೇ ಕೊಂದ. ಅವನ ಕೈಯಲ್ಲಿದ್ದದ್ದು ಗಿಡ್ಡ ಕತ್ತಿ. ಆದರೆ ಮಕ್ಕಳ ಕೈಗೆ ಅಲಗು ಕೊಡಬೇಡಿ ಎಂಬ ಚಳವಳಿ ಎದ್ದಾಗ ಕಣ್ಮರೆಯಾದದ್ದು ಪೆನ್ಸಿಲ್ ಹೆರೆಯುವ ಚಾಕು. ಹತ್ತಾರು ತಯಾರಕರಿದ್ದ ಊರಿನಲ್ಲಿ ಆ ಹೆಸರಿನ ಹಕ್ಕಿನೊಂದಿಗೆ ಉಳಿದದ್ದು ಒಂದೇ ಮನೆತನ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬಂದ 1962ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗನ್ನು ಆಯುಧವೆಂದು ಗುರುತಿಸಿದವು. ಮನೆಗೆಲಸ, ಬೇಸಾಯ ಮೊದಲಾದವುಗಳ ಸಲಕರಣೆಗಳಿಗೆ ವಿನಾಯಿತಿಯಿತ್ತು. 1980ರಲ್ಲಿ ದೆಹಲಿ ಆಡಳಿತ ಹೊರಡಿಸಿದ ಅಧಿಸೂಚನೆ ಇನ್ನೂ ಮುಂದೆ ಹೋಯಿತು. ಸ್ಪ್ರಿಂಗಿನ, ಗರಾರಿದಾರ್, ಬಟನ್‌ದಾರ್ ಚಾಕುಗಳ ಅಲಗು 7.62 ಸೆಂಟಿಮೀಟರ್, ಅಂದರೆ 3 ಇಂಚು ಅಥವಾ ಅದಕ್ಕಿಂತ ಉದ್ದವಿದ್ದು, 1.72 ಸೆಂಟಿಮೀಟರ್ ಅಥವಾ ಅದಕ್ಕಿಂತ ಅಗಲವಿದ್ದರೆ ಅವನ್ನು ನಿರ್ಬಂಧಿಸಿತು. ಕುಲುಮೆಯ ಮುಂದೆ ಹುಟ್ಟಿದ ಎರಡು ಪದಗಳು ಹೀಗೆ ಸರ್ಕಾರಿ ಕಡತ ಸೇರಿದವು. ಇಂದು ಆ ಪದಗಳು ಕುಶಲಕರ್ಮಿಯ ಬಾಯಿಗಿಂತ ಹೆಚ್ಚಾಗಿ ದೋಷಾರೋಪ ಪಟ್ಟಿಗಳಲ್ಲಿ ಸಿಗುತ್ತವೆ. 1990ರ ದಶಕದಲ್ಲಿ ಉತ್ತರ ಪ್ರದೇಶ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿನ ತಯಾರಿಕೆಯನ್ನೇ ನಿಷೇಧಿಸಿದಾಗ ರಾಂಪುರದ ಕಸುಬಿನ ಬೆನ್ನು ಮುರಿಯಿತು.

ಚಾಕುವಿನಿಂದ ಜೀವ ಹೋಗಿದೆ, ಮನೆಗಳು ಅನಾಥವಾಗಿವೆ. ಆ ನೋವನ್ನು ಹಗುರಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಉದ್ದನೆಯ ಅಲಗಿಗೆ ಮಿತಿ ಹಾಕಿದ್ದನ್ನೂ ನಾವು ತಪ್ಪೆನ್ನುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಕಸುಬನ್ನು ನಿಲ್ಲಿಸಿದಷ್ಟು ಬೇಗ, ಆ ಕೈಗಳಿಗೆ ಬೇರೆ ದಾರಿ ತೋರಿಸುವ ಕೆಲಸ ಏಕೆ ಆಗಲಿಲ್ಲ? ಜೇಬಿನಲ್ಲಿ ಚಾಕು ಸಿಕ್ಕಿತು ಎಂಬುದಷ್ಟೇ ಮನುಷ್ಯನ ಉದ್ದೇಶಕ್ಕೆ ಸಾಕ್ಷಿಯಾಗಬೇಕೆ? 2025ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಒಂದು ಬಟನ್‌ದಾರ್ ಚಾಕು ಪ್ರಕರಣವನ್ನು ರದ್ದುಪಡಿಸಿತು. ಆ ಅಧಿಸೂಚನೆ ಹೇಳುವ ತಯಾರಿಕೆ, ಮಾರಾಟ ಮುಂತಾದ ಉದ್ದೇಶವೇ ದೋಷಾರೋಪ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ಅದಕ್ಕೆ ಕಾರಣ. ವಸ್ತುವನ್ನು ನೋಡಿ ಮನುಷ್ಯನನ್ನು ಅಳೆಯುವ ಆತುರಕ್ಕೆ ಇದೊಂದು ಎಚ್ಚರಿಕೆ.

ಎಲ್ಲ ಅಲಗುಗಳನ್ನೂ ನಾವು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಸಿಖ್ಖರ ಕಿರ್ಪಾಣವನ್ನು ಸಂವಿಧಾನದ 25ನೆಯ ವಿಧಿ ಗೌರವಿಸುತ್ತದೆ. ಗೂರ್ಖಾಗಳ ಕುಕ್ರಿ ಸೈನ್ಯದ ಲಾಂಛನದಲ್ಲಿದೆ. ಕೊಡವರ ಮದುವೆಯಲ್ಲಿ ವರನ ಸೊಂಟದ ಪೀಚೆಕತ್ತಿ ಇಲ್ಲದೆ ಉಡುಗೆ ಪೂರ್ತಿಯಾಗುವುದಿಲ್ಲ. ಇವೆಲ್ಲ ನ್ಯಾಯವಾದ ಗೌರವಗಳು. ಫ್ರಾನ್ಸಿನಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಆರಂಭಿಸಿದ, ಬಡ ರೈತರ ಜೇಬಿನ ಮರದ ಹಿಡಿಯ ಚಾಕುವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1985ರಲ್ಲಿ ಜಗತ್ತಿನ ನೂರು ಸುಂದರ ವಿನ್ಯಾಸಗಳಲ್ಲಿ ಸೇರಿಸಿತು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನಿಕರಿಗೆ ಮಾಡಿಕೊಟ್ಟ ಚಾಕುವಿನ ವಂಶದ್ದು ಇಂದು ಇಡೀ ದೇಶದ ಹೆಮ್ಮೆ. ಸೈನಿಕನ ಚಾಕು ಹೆಮ್ಮೆಯಾದಾಗ, ಕಸುಬುದಾರನ ಚಾಕು ಕಳಂಕವಾದದ್ದು ಅಲಗಿನ ದೋಷದಿಂದಲ್ಲ.

ಕೀಲಿನ ಆರೈಕೆ

ಒಳ್ಳೆಯ ಮಡಚು ಚಾಕು ಮನೆಯಲ್ಲಿದ್ದರೆ ಅದನ್ನು ಕಾಪಾಡುವುದೂ ಒಂದು ಕಲಿಕೆ. ಜೇಬಿನ ನೂಲು, ಧೂಳು, ಹಣ್ಣಿನ ರಸ ಸೇರಿ ಕೀಲಿನಲ್ಲಿ ಜಿಡ್ಡು ಕಟ್ಟುತ್ತವೆ. ಅಲಗು ಬಿಗಿಯಾಯಿತೆಂದು ಬಲ ಹಾಕಬಾರದು. ಬಿದಿರುಕಡ್ಡಿಯಿಂದ ಕೊಳೆಯನ್ನು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯ ಒಂದು ಹನಿಯನ್ನು ಮೊಳೆಯ ಬಳಿ ಬಿಟ್ಟು, ಹತ್ತಾರು ಸಲ ಮೆಲ್ಲಗೆ ತೆರೆದು ಮಡಚಬೇಕು. ಕಪ್ಪು ಎಣ್ಣೆ ಹೊರಬಂದರೆ ಒರೆಸಿ ಇನ್ನೊಂದು ಹನಿ ಬಿಡಬೇಕು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬೇಡ. ಮೊದಲನೆಯದು ಚಳಿಗೆ ಹೆಪ್ಪುಗಟ್ಟುತ್ತದೆ, ಎರಡನೆಯದು ದಿನಕಳೆದಂತೆ ಅಂಟಾಗುತ್ತದೆ.

ನಿಂಬೆ, ಮಾವಿನಕಾಯಿ ಕೊಯ್ದ ಮೇಲೆ ಅಲಗನ್ನು ಕೂಡಲೇ ತೊಳೆದು ಒಣಗಿಸಬೇಕು. ಹಳೆಯ ಬಗೆಯ ಉಕ್ಕು ಬಳಸಿದಂತೆ ಬೂದುಗಪ್ಪಾಗುತ್ತದೆ; ಅದು ತುಕ್ಕಲ್ಲ, ಉಜ್ಜಿ ತೆಗೆಯಬೇಕಿಲ್ಲ. ಕೆಂಪು ತುಕ್ಕು ಕಂಡರೆ ಮಾತ್ರ ತಡಮಾಡಬಾರದು. ಮರದ ಹಿಡಿ ನೀರು ಕುಡಿದರೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಅದನ್ನು ಬಿಸಿಲಿಗಲ್ಲ, ನೆರಳಿನಲ್ಲಿಟ್ಟು ಒಣಗಿಸಬೇಕು. ಮಡಚುವಾಗ ಅಲಗನ್ನು 'ಟಪ್' ಎಂದು ಬೀಳಲು ಬಿಡುವುದು ಒಳ್ಳೆಯದಲ್ಲ. ಬಾಯಿ ಒಳಗಿನ ಸ್ಪ್ರಿಂಗಿಗೆ ತಾಗಿ ಮೊಂಡಾಗುತ್ತದೆ. ಅಂಗೈಯಿಂದ ಅಲಗಿನ ಬೆನ್ನನ್ನು ಒತ್ತುತ್ತ, ಬೆರಳುಗಳನ್ನು ಹಿಡಿಯ ಸೀಳಿನಿಂದ ದೂರವಿಟ್ಟು ಮಡಚಬೇಕು.

ಸಾಣೆ ಹಿಡಿಯುವಾಗ ಎರಡೂ ಮಗ್ಗುಲಿಗೆ ಒಂದೇ ಕೋನ, ಸುಮಾರು 20 ಡಿಗ್ರಿ, ಇರಬೇಕು. ಕೊನೆಗೆ ತೊಗಲಿನ ಪಟ್ಟಿಯ ಮೇಲೆ ಹಿಂದುಮುಂದಾಗಿ ಎಳೆದರೆ ಬಾಯಿ ನಯವಾಗುತ್ತದೆ. ಮೊಂಡು ಚಾಕುವೇ ಹೆಚ್ಚು ಅಪಾಯಕಾರಿ. ಅದಕ್ಕೆ ಬಲ ಬೇಕು, ಬಲ ಹಾಕಿದಾಗ ಅದು ಜಾರುತ್ತದೆ.

ಅಲಗಿನ ಬಗ್ಗೆ ಪ್ರವಾದಿ ಮುಹಮ್ಮದ್ (ಸ) ಅವರ ಉಪದೇಶಗಳನ್ನು ಇಲ್ಲಿ ನೆನೆಯುವುದು ಸೂಕ್ತ. ಪ್ರಾಣಿಗೆ ಹಿಂಸೆಯಾಗದಂತೆ ಅಲಗನ್ನು ಹರಿತ ಮಾಡಿಕೊಳ್ಳಲು ಅವರು ಹೇಳಿದರು. ಬಾಣ ಹಿಡಿದು ಮಸೀದಿಯಲ್ಲೋ ಪೇಟೆಯಲ್ಲೋ ಹಾದುಹೋಗುವವನು, ಯಾರಿಗೂ ತಾಗದಂತೆ ಅದರ ಮೊನೆಯನ್ನು ತನ್ನ ಕೈಯಲ್ಲಿ ಹಿಡಿದುಕೊಳ್ಳಬೇಕೆಂದರು. ಹಿರಿದ ಕತ್ತಿಯನ್ನು ಒಬ್ಬರಿಂದ ಒಬ್ಬರಿಗೆ ಕೊಡುವುದನ್ನು ತಡೆದರು. ಅಲಗು ಹರಿತವಾಗಿರಲಿ, ಆದರೆ ಜನರ ನಡುವೆ ಅದು ಮುಚ್ಚಿರಲಿ. ಮಡಚು ಚಾಕುವಿನ ಇಡೀ ತತ್ವ ಇದರಲ್ಲಿದೆ. ಚಾಕುವನ್ನು ಇನ್ನೊಬ್ಬರ ಕೈಗೆ ಕೊಡುವಾಗ ಮಡಚಿಯೇ ಕೊಡಬೇಕೆಂದು ಮಕ್ಕಳಿಗೆ ಹೇಳಿಕೊಟ್ಟರೆ ಒಂದು ಸಂಸ್ಕಾರವನ್ನೂ ಕಲಿಸಿದಂತೆ.

ನಾಲ್ಕೂವರೆ ಇಂಚಿನೊಳಗೆ

2023ರ ಮಾರ್ಚ್‌ನಲ್ಲಿ ರಾಂಪುರದ ವೃತ್ತವೊಂದರಲ್ಲಿ ಸುಮಾರು 20 ಅಡಿ ಉದ್ದದ ದೈತ್ಯ ಚಾಕುವನ್ನು ನಿಲ್ಲಿಸಿ ಅದಕ್ಕೆ 'ಚಾಕು ಚೌಕ್' ಎಂದು ಹೆಸರಿಡಲಾಯಿತು. ಇದಕ್ಕೆ ಅರ್ಧ ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಯಿತು. ದಶಕಗಳ ಕಾಲ ನಾಚಿಕೆಯ ಗುರುತಾಗಿದ್ದುದನ್ನು ಊರು ತಲೆಯೆತ್ತಿ ತೋರಿಸಿಕೊಂಡಿದೆ. ಇದು ಸಂತೋಷದ ವಿಷಯ. ಆದರೆ ಸ್ಮಾರಕಗಳನ್ನು ಕಟ್ಟುವುದು ಸಾಮಾನ್ಯವಾಗಿ ಹೋದವರಿಗೆ. ಕಸುಬು ಇನ್ನೂ ಉಸಿರಾಡುತ್ತಿರುವಾಗ ಅದಕ್ಕೆ ಬೇಕಾದದ್ದು ಕೆಲಸ.

ಆ ಕೆಲಸಕ್ಕೆ ಕಾನೂನು ಅಡ್ಡಿಯಲ್ಲ. ಜಗತ್ತಿನಾದ್ಯಂತ ಮಾರಾಟವಾಗುವ ಒಪಿನೆಲ್‌ನ 8ನೆಯ ಸಂಖ್ಯೆಯ ಚಾಕುವಿನ ಅಲಗು ಎಂಟೂವರೆ ಸೆಂಟಿಮೀಟರ್. ನಾಲ್ಕೂವರೆ ಇಂಚಿನ ಮಿತಿಗಿಂತ ಅದು ಎಷ್ಟೋ ಕಡಿಮೆ. ಗುಂಡಿಯೂ ಇಲ್ಲ, ಹಲ್ಲುಗಳೂ ಇಲ್ಲ. ತೋಟದವನಿಗೆ ಕಸಿಚಾಕು, ಅಡುಗೆಮನೆಗೆ ಹಣ್ಣಿನ ಚಾಕು, ಪ್ರಯಾಣಿಕನಿಗೆ ಜೇಬುಚಾಕು ಇವೆಲ್ಲಕ್ಕೂ ಬೇಕಾದದ್ದು ರಾಂಪುರದವರಿಗೆ ಗೊತ್ತಿರುವ ಅದೇ ವಿದ್ಯೆ: ಅಲ್ಲಾಡದ ಮೊಳೆ, ಹದವಾದ ಸ್ಪ್ರಿಂಗು, ಸಲೀಸಾದ ಕೀಲು. ಆ ವಿದ್ಯೆಗೆ ತರಬೇತಿ, ಸಾಲ, ಮಾರುಕಟ್ಟೆ ಒದಗಿಸುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ.

ನಮ್ಮ ಪಾಲಿನ ಕೆಲಸವೂ ಒಂದಿದೆ. ಇರಿತದ ಸುದ್ದಿ ಬರೆಯುವಾಗ, ಕಥೆಯಲ್ಲಿ ಖಳನನ್ನು ಚಿತ್ರಿಸುವಾಗ, 'ರಾಂಪುರಿ' ಎಂಬ ಪದವನ್ನು ಒಗ್ಗರಣೆಗೆಂದು ಬಳಸುವ ಚಟವನ್ನು ಬಿಡಬಹುದು. ಅದು ಒಂದು ಊರಿನ ಹೆಸರು. ಅಲ್ಲಿ ಹದಿನೇಳು ಸಾವಿರ ಹಸ್ತಪ್ರತಿಗಳಿವೆ, ಒಂದು ಸಂಗೀತ ಪರಂಪರೆಯಿದೆ, ಅರ ಹಿಡಿದು ಕೀಲು ತೀಡುವ ಕೆಲವು ಮುದಿ ಕೈಗಳಿವೆ.